ಹುಟ್ಟುಗುಣ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು. ಹರಾಜಿಗೆ ಇನ್ನೂ ಹೊತ್ತಿದೆ.
ಮಕ್ಬೂಲ್ ಸಾಬರು ನನ್ನ ಲಾಟಿನಿಂದ ಒಂದು ಗೂಡು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿದರು.
‘ಪಿಳ್ಳಮ್ಮ, ಈ ಸಲ ತೆಳ್ಳಗಿದೆಯಲ್ಲ?’

ರೋಗ ಅಲ್ಲ ಸಾಬರೇ, ರಾತ್ರಿ.
ರಾತ್ರಿಗಳು ಆರುತ್ತಿಲ್ಲ.

ಹುಳುಮನೆಯ ಗೋಡೆಗೆ ಎರಡು ಬುರುಡೆಯ ಥರ್ಮಾಮೀಟರು,
ಒಂದಕ್ಕೆ ಒದ್ದೆ ಬಟ್ಟೆ, ಇನ್ನೊಂದು ಬರಿಮೈ.
ಪಕ್ಕದ ಮೊಳೆಗೆ ದಾರ ಕಟ್ಟಿದ ನೋಟುಬುಕ್ಕು.
ಹತ್ತೊಂಬತ್ತು ವರ್ಷ, ಬೆಳಗಿನ ಜಾವ ಐದಕ್ಕೆ ಎದ್ದು
ಅಂಕಿ ಬರೆದಿದ್ದೇನೆ.
ಬಾಣಂತನದ ಮೂರು ತಿಂಗಳು ಮಾತ್ರ ಅತ್ತೆಯ ಸೊಟ್ಟ ಅಕ್ಷರ.

ಒಂದು ದಿನದ ಅಂಕಿ ಹವಾಮಾನ,
ನನ್ನ ಗಂಡನ ಸಿಟ್ಟಿನ ಹಾಗೆ, ಕಾಫಿ ಕುಡಿದರೆ ಬದಲು.
ಇಡೀ ಬುಕ್ಕು ಓದಿದರೆ ಹವಾಗುಣ.
ಮೂವತ್ತು ವರ್ಷವಾದರೂ ಬೇಕು ಅಂತಾರೆ ತಿಳಿದವರು,
ನನ್ನದಿನ್ನೂ ಮುಕ್ಕಾಲು ಗುಣ ಅನ್ನಿ.
ಆದರೆ ಇಂಥ ಬುಕ್ಕುಗಳು ಲೋಕದ ತುಂಬ ಇವೆಯಂತೆ,
ಎಲ್ಲದರ ಕೊನೇ ಪುಟವೂ ಒಂದೇ ಮಾತು ಆಡುತ್ತೆ.

‘ಬಿಸಿಲೇ ಜಾಸ್ತಿ ಆಯ್ತೇನೋ?’
ಸೂರ್ಯ ಹಳೇ ಸೂರ್ಯನೇ.
ಬರುವುದು ಹೆಚ್ಚಾಗಿಲ್ಲ,
ಹೋಗಬೇಕಾದ್ದು ಹೋಗುತ್ತಿಲ್ಲ.

ನಂದಿ ಬೆಟ್ಟದ ಕಡೆಯಿಂದ ಧನುರ್ಮಾಸದ ಗಾಳಿ ಬೀಸುವಾಗ
ಕಂಬಳಿ ಹೊದೆಯುತ್ತೀರಲ್ಲ, ಅದೇನು ಒಲೆಯಾ?
ಬಿಸಿ ನಿಮ್ಮ ಮೈಯದು.
ಕಂಬಳಿ ಅದನ್ನು ಬಿಡದೆ ಹಿಡಿಯುತ್ತೆ, ಅಷ್ಟೇ.
ಹಗಲೆಲ್ಲ ನೆಲ ಬೆಳಕು ಕುಡಿದು
ಕಣ್ಣಿಗೆ ಕಾಣದ ಕಾವಾಗಿ ಮೇಲಕ್ಕೆ ಬಿಡುತ್ತೆ.
ಬೆಳಕಿಗೆ ದಾರಿ ಕೊಟ್ಟ ಗಾಳಿಯೇ
ಕಾವಿಗೆ ಅಡ್ಡ ನಿಲ್ಲುತ್ತೆ.
ಗಾಳಿಯೆಲ್ಲ ಅಲ್ಲ, ಅದರೊಳಗಿನ ಕೆಲವು:
ನೀರಿನ ಹಬೆ, ಇಂಗಾಲದ ಡೈಆಕ್ಸೈಡು, ಮೀಥೇನು.
ಅವೇ ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟಿ
ಹಿಪ್ಪುನೇರಳೆ ಎಲ್ಲಿ, ಹುಳು ಎಲ್ಲಿ, ನೀವೆಲ್ಲಿ, ನಾನೆಲ್ಲಿ.
ಕಂಬಳಿ ಬೇಕು.
ಬೇಸಿಗೆಯಲ್ಲೂ ಇನ್ನೊಂದು ಹೊದಿಸಿದ್ದು ತಪ್ಪು.

ಎಷ್ಟು ಅಂತೀರಾ?
ಇಲ್ಲಿ ಹತ್ತು ಸಾವಿರ ಗೂಡು ಸುರಿದಿದೆ ಅನ್ನಿ.
ನಿಮ್ಮ ತಾತನ ತಾತನ ಕಾಲಕ್ಕೆ ಅದರಲ್ಲಿ
ಇಂಗಾಲದ್ದು ಮೂರೂ ಪೂರ್ತಿ ಇರಲಿಲ್ಲ.
ಈಗ ನಾಲ್ಕು ದಾಟಿದೆ.
ಸಾಬರು ನಕ್ಕರು. ‘ಒಂದೂವರೆ ಗೂಡಿಗೆ ಇಷ್ಟು ಮಾತಾ?’
ಹಾಲುತೊಂಡೆ ಹತ್ತಿದ ಹುಳು ಒಂದಿದ್ದರೆ ಸಾಕಲ್ಲವಾ
ತಟ್ಟೆಗೆ ತಟ್ಟೆಯೇ ಹೋಗುವುದಕ್ಕೆ?
ನಗು ನಿಂತಿತು.

‘ನನ್ನ ಬಾಯ್ಲರಿನ ಸೌದೆ?’
ಹುಣಸೆ, ಸರ್ವೆ, ನಿನ್ನೆ ಮೊನ್ನೆ ಗಾಳಿಯಿಂದ ಎಳೆದುಕೊಂಡದ್ದನ್ನೇ
ನಿಮ್ಮ ಒಲೆ ವಾಪಸು ಕೊಡುತ್ತೆ.
ಕಡಿದಲ್ಲಿ ಇನ್ನೊಂದು ಬೆಳೆದರೆ ಲೆಕ್ಕ ಚುಕ್ತಾ.
ಕಲ್ಲಿದ್ದಲು ಹಾಗಲ್ಲ, ಡೀಸೆಲ್ಲೂ ಅಲ್ಲ.
ಕೋಟ್ಯಂತರ ವರ್ಷ ನೆಲ ಹೂತಿಟ್ಟುಕೊಂಡ ಉಸಿರು,
ಅಗೆದು ಇನ್ನೂರು ವರ್ಷದಲ್ಲಿ ಊದಿಬಿಟ್ಟೆವು.
ನಾನೂ ಸಾಚಾ ಅಲ್ಲ.
ಹುಳಕ್ಕೆ ತಂಪಿರಲಿ ಅಂತ ರಾತ್ರಿ ಫ್ಯಾನು ಹಾಕುತ್ತೇನೆ,
ಆ ಕರೆಂಟಿನಲ್ಲೂ ಕಲ್ಲಿದ್ದಲಿದೆ.

ಹುಟ್ಟುಗುಣ ಸುಟ್ಟರೂ ಹೋಗದು ಅಂತಿದ್ದಳು ಅತ್ತೆ.
ಹವೆಯ ಗುಣ, ನೋಡಿ,
ಸುಟ್ಟು ಸುಟ್ಟೇ ಹೋಗುತ್ತಿದೆ.

ಇಡೀ ಭೂಮಿಗೆ ಏರಿದ್ದು ಒಂದು ಡಿಗ್ರಿ ಚಿಲ್ಲರೆ.
ಡಿಗ್ರಿ ಅಂದರೇನು ಅಂತ ನಾಲ್ಕನೇ ಜ್ವರ ಎದ್ದ ಹುಳುವನ್ನು ಕೇಳಿ.
ಅದು ತಲೆಯೆತ್ತಿ ಮಲಗುತ್ತೆ, ಸೊಪ್ಪು ಮುಟ್ಟದೆ,
ಹಳೇ ಚರ್ಮ ಬಿಟ್ಟು, ಹಸಿದು ಏಳುತ್ತೆ.
ಈ ಇನ್ನೊಂದು ಜ್ವರಕ್ಕೆ
ಬಿಟ್ಟು ಏಳುವ ಚರ್ಮ ಯಾವುದು, ನನಗೆ ತಿಳಿಯದು.

ಗಂಟೆ ಬಾರಿಸಿತು.
ಸಾಬರು ರೇಟು ಕಮ್ಮಿಯೇ ಹಾಕಿದರು.
ಹೊರಡುವಾಗ, ಗೂಡಿನ ನೂಲು ಬೆರಳಿನಿಂದ ಬಿಡಿಸಿಕೊಳ್ಳುತ್ತ,
‘ಆ ಬುಕ್ಕು ಮುಂದಿನ ಸಲ ತನ್ನಿ’ ಅಂದರು.

ಇವತ್ತು ಐದಕ್ಕೆ ಎದ್ದಾಗ
ಕಿಟಕಿಯ ಒದ್ದೆ ಗೋಣಿ ಆಗಲೇ ಒಣಗಿತ್ತು.
ನೀರು ಚಿಮುಕಿಸಿದೆ.
ಅಂಕಿ ಬರೆದೆ.